ಹೊಸ ಪೋಪ್ ಆಯ್ಕೆಯ ಲ್ಯಾಟಿನ್ ಘೋಷಣೆಯಲ್ಲಿ ಹೆಸರು ಏಕೆ ತಡವಾಗಿ ಬರುತ್ತದೆ?

ಘೋಷಣೆಯ ವಾಕ್ಯರಚನೆಯೇ ಹಾಗಿದೆ: ಆಯ್ಕೆಯಾದವರ ಜನ್ಮನಾಮ ಮೊದಲು, ಕುಲನಾಮ ಆಮೇಲೆ, ಅವರು ಪೋಪ್ ಆಗಿ ಧರಿಸುವ ಹೊಸ ಹೆಸರು ಕಟ್ಟಕಡೆಗೆ. ಪೋಪ್‌ಗೆ ನೆರವಾಗುವ ಉನ್ನತ ಧರ್ಮಾಧಿಕಾರಿಗಳಾದ ಕಾರ್ಡಿನಲ್‌ಗಳ ಪೈಕಿ ಡೀಕನ್ ಎಂಬ ಶ್ರೇಣಿಯಲ್ಲಿ ಹಿರಿಯರಾದವರು ವ್ಯಾಟಿಕನ್‌ನ ಸಂತ ಪೀಟರ್ ಬಸಿಲಿಕಾದ (ಮಹಾ ಚರ್ಚಿನ) ಮುಂಭಾಗದ ನಡುವಣ ಬಾಲ್ಕನಿಗೆ ಬಂದು, 'ನಿಮಗೆ ಮಹಾ ಸಂತೋಷವೊಂದನ್ನು ಸಾರುತ್ತೇನೆ. ನಮಗೆ ಪೋಪ್ ದೊರೆತಿದ್ದಾರೆ' ಎಂಬರ್ಥದ 'ಹಬೇಮುಸ್ ಪಾಪಮ್' ಘೋಷಣೆಯನ್ನು ಓದುತ್ತಾರೆ. ಮೊದಲ ಮಾತುಗಳು ಯೇಸುವಿನ ಜನನವನ್ನು ಕುರುಬರಿಗೆ ಸಾರಿದ ದೇವದೂತನ ಮಾತನ್ನು ನೆನಪಿಸುತ್ತವೆ.

ಜನ್ಮನಾಮವು ಲ್ಯಾಟಿನ್ ರೂಪ ತಾಳಿ, ವ್ಯಾಕರಣಕ್ಕೆ ತಕ್ಕ ವಿಭಕ್ತಿಯನ್ನೂ ಪಡೆಯುತ್ತದೆ. ಕುಲನಾಮ ಸಾಮಾನ್ಯವಾಗಿ ಇದ್ದಂತೆಯೇ ಉಳಿಯುತ್ತದೆ. 2025ರ ಮೇ 8ರಂದು ಕಾರ್ಡಿನಲ್ ಡೊಮಿನಿಕ್ ಮಾಂಬೆರ್ಟಿ ಅವರು 'ರೊಬೆರ್ತುಮ್ ಫ್ರಾನ್ಸಿಸ್ಕುಮ್' (ರಾಬರ್ಟ್ ಫ್ರಾನ್ಸಿಸ್) ಎಂದಾಗ ಬಸಿಲಿಕಾದ ಎದುರಿನ ಚೌಕದಲ್ಲಿದ್ದ ಜನರಿಗೆ ಸಿಕ್ಕಿದ್ದು ಸುಳಿವು ಮಾತ್ರ. 'ಪವಿತ್ರ ರೋಮನ್ ಸಭೆಯ (ಚರ್ಚಿನ) ಕಾರ್ಡಿನಲ್' ಎಂಬ ಬಿರುದು ದಾಟಿದ ಮೇಲೆಯೇ 'ಪ್ರೆವೋಸ್ಟ್' ಎಂಬ ಗುರುತು ಖಚಿತವಾಯಿತು, ಬಳಿಕ ಹದಿನಾಲ್ಕನೇ ಲಿಯೋ ಎಂಬ ಹೆಸರು ಕೇಳಿಬಂತು. ಸಭೆಯ ಅಧಿಕೃತ ದಸ್ತಾವೇಜುಗಳಲ್ಲಿ ಲ್ಯಾಟಿನ್ ಇಂದಿಗೂ ಬಳಕೆಯಲ್ಲಿರುವುದರಿಂದ, ನಾನಾ ದೇಶಗಳ ಭಕ್ತರು ನೆರೆದ ಆ ಚೌಕದಲ್ಲಿ ಯಾವೊಂದು ದೇಶದ ಮಾತಿಗೂ ಸೇರದ ಈ ಸೂತ್ರ ನಿಜಕ್ಕೂ ಉಚಿತವಾಗಿದೆ.