ತುಳಸಿ ಚಹಾದಲ್ಲಿ ಯೂಜೆನಾಲ್ ಎಷ್ಟಿದೆ ಎಂದು ಅಳೆಯುವುದು ಹೇಗೆ?

ತೋಟದ ತುಳಸಿಯನ್ನು ನೆರಳಿನಲ್ಲಿ ಒಣಗಿಸಿ ಚಹಾ ಪೊಟ್ಟಣ ಮಾಡುತ್ತಿದ್ದೀರಿ. ತುಳಸಿಗೆ ಘಮ ಕೊಡುವ ಎಣ್ಣೆಯ ಒಂದು ಅಂಶವೇ ಯೂಜೆನಾಲ್; ಅದು ಫೀನಾಲ್ ಎಂಬ ರಾಸಾಯನಿಕಗಳ ಗುಂಪಿಗೆ ಸೇರಿದ್ದು. ಹತ್ತಿರದ ಕಾಲೇಜಿನಲ್ಲಿ ಮಾಡಿಸಿದ ‘ಒಟ್ಟು ಫೀನಾಲ್’ ಪರೀಕ್ಷೆಯ ಅಂಕಿಯನ್ನೇ ಯೂಜೆನಾಲ್ ಪ್ರಮಾಣವೆಂದು ಪೊಟ್ಟಣದ ಮೇಲೆ ಅಚ್ಚು ಹಾಕಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಿಸಬೇಡಿ. ಗಿಡಮೂಲಿಕೆಗಳ ಪರೀಕ್ಷೆಯೇ ನನ್ನ ಉದ್ಯೋಗ, ಹಾಗಾಗಿ ಕಾರಣವನ್ನು ಬಿಡಿಸಿ ಹೇಳುತ್ತೇನೆ.

ಕಾಲೇಜಿನವರು ಮಾಡಿರುವುದು ಬಹುಶಃ ಫೋಲಿನ್-ಸಿಯೊಕಾಲ್ಟು ಪರೀಕ್ಷೆ. ಹಳದಿ ದ್ರಾವಣಕ್ಕೆ ಎಲೆಯ ಸಾರವನ್ನೂ ಸೋಡಿಯಂ ಕಾರ್ಬೊನೇಟನ್ನೂ ಸೇರಿಸಿದರೆ ನೀಲಿ ಬಣ್ಣ ಏರುತ್ತದೆ. ಅದು ಎಷ್ಟು ಗಾಢವೆಂದು 765 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನ ಬಳಿ ಓದಿ, ಹೋಲಿಕೆಗೆ ಬಳಸುವ ಗ್ಯಾಲಿಕ್ ಆಮ್ಲದ ಲೆಕ್ಕದಲ್ಲಿ ಹೇಳುತ್ತಾರೆ. ಅಗ್ಗದ, ಉಪಯುಕ್ತ ಪರೀಕ್ಷೆಯೇ ಸರಿ. ಆದರೆ ಆ ನೀಲಿಗೆ ಮುಖ ನೋಡಿ ಮಣೆ ಹಾಕುವ ಗುಣವಿಲ್ಲ: ಯೂಜೆನಾಲ್, ಎಲೆಯಲ್ಲಿರುವ ಇನ್ನೊಂದು ಫೀನಾಲಾದ ರೋಸ್ಮರಿನಿಕ್ ಆಮ್ಲ, ಸಿ ಜೀವಸತ್ವ, ಕೆಲವು ಸಕ್ಕರೆಗಳು ಎಲ್ಲವೂ ಅದಕ್ಕೆ ಒಂದೇ. ಚಹಾಕ್ಕೆ ನಿಂಬೆಪುಡಿ ಬೆರೆಸಿ ನೋಡಿ, ತುಳಸಿ ಒಂದಿಷ್ಟೂ ಹೆಚ್ಚದೆ ಅಂಕಿ ಏರುತ್ತದೆ.

ಯೂಜೆನಾಲ್ ಒಂದನ್ನೇ ತಿಳಿಯಬೇಕಾದರೆ ಘಟಕಗಳನ್ನು ಬೇರ್ಪಡಿಸಿ ಅಳೆಯಬೇಕು. ಎಣ್ಣೆಯ ಅಂಶಕ್ಕೆ, ಆವಿಯಾಗಿಸಿ ಬೇರ್ಪಡಿಸುವ ಗ್ಯಾಸ್ ಕ್ರೊಮಟೋಗ್ರಫಿ ಒಳ್ಳೆಯದು. ಲೋಟದ ಚಹಾಕ್ಕಾದರೆ ನಾನು, ದ್ರವದಲ್ಲೇ ಬೇರ್ಪಡಿಸುವ ಎಚ್‌ಪಿಎಲ್‌ಸಿ ವಿಧಾನ ಆರಿಸುತ್ತೇನೆ: ಯೂಜೆನಾಲನ್ನು 280, ರೋಸ್ಮರಿನಿಕ್ ಆಮ್ಲವನ್ನು 330 ನ್ಯಾನೋಮೀಟರ್‌ನಲ್ಲಿ, ಒಂದೇ ಓಟದಲ್ಲಿ ನೋಡಬಹುದು. ಶುದ್ಧ ಯೂಜೆನಾಲಿನ ಐದಾರು ಸಾಂದ್ರತೆಗಳನ್ನು ಅಳೆದು ಹೋಲಿಕೆಯ ಗೆರೆ ಎಳೆದಿರಬೇಕು, ನಿಮ್ಮ ಮಾದರಿ ಆ ಗೆರೆಯ ಎರಡು ತುದಿಗಳ ನಡುವೆಯೇ ಬೀಳಬೇಕು. ಚಹಾಕ್ಕೆ ಗೊತ್ತಿರುವಷ್ಟು ಯೂಜೆನಾಲ್ ಬೆರೆಸಿ, ಅಷ್ಟೂ ಮರಳಿ ಸಿಕ್ಕಿತೇ ಎಂದು ನೋಡಿದ್ದಾರೆಯೇ ಕೇಳಿ. ಉತ್ತರ ತಡವರಿಸಿದರೆ ಬೇರೆ ಪ್ರಯೋಗಾಲಯ ಹುಡುಕಿ.

ಇನ್ನೊಂದು ತೊಡಕಿದೆ. ಪ್ರಯೋಗಾಲಯದಲ್ಲಿ ಮೆಥನಾಲ್ ಎಂಬ ದ್ರಾವಕದಿಂದ ತೆಗೆದ ಎಲೆಸಾರದ ಅಂಕಿ ಕುಡಿಯುವವರ ಅಂಕಿಯಲ್ಲ. ರೋಸ್ಮರಿನಿಕ್ ಆಮ್ಲ ಬಿಸಿನೀರಿಗೆ ಸುಲಭವಾಗಿ ಇಳಿಯುತ್ತದೆ. ತುಳಸಿಯ ಹೆಸರಿನಲ್ಲಿ ಬಹಳ ಪ್ರಚಾರ ಪಡೆದಿರುವ ಅರ್ಸೋಲಿಕ್ ಆಮ್ಲ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಯೂಜೆನಾಲ್ ಅಲ್ಪಸ್ವಲ್ಪ ಕರಗಿದರೂ ಹಬೆಯೊಂದಿಗೆ ಹಾರುತ್ತದೆ. ಅಡುಗೆಮನೆಯೆಲ್ಲ ಘಮಘಮಿಸಿತೆಂದರೆ ಲೋಟಕ್ಕೆ ಅಷ್ಟು ಖೋತಾ. ಆದ್ದರಿಂದ ಗಿರಾಕಿ ಮಾಡುವಂತೆಯೇ 2 ಗ್ರಾಂ ಎಲೆಗೆ 200 ಮಿಲಿಲೀಟರ್ ಕುದಿನೀರು ಹಾಕಿ, ಮುಚ್ಚಿಟ್ಟು, 5 ನಿಮಿಷಕ್ಕೆ ಸೋಸಿ ಅಳೆಯಲು ಹೇಳಿ. ತೇವಾಂಶ ನೋಡಲು 105 ಡಿಗ್ರಿಯಲ್ಲಿ ಒಣಗಿಸಿದ ಎಲೆಯನ್ನೇ ಇದಕ್ಕೆ ಬಳಸಕೂಡದು, ಅದರ ಎಣ್ಣೆ ಆಗಲೇ ಹೋಗಿರುತ್ತದೆ.

ಹೂ ಬಿಡುವ ಕಾಲ, ಕೊಯ್ಲಿನ ಹೊತ್ತು, ತಳಿ ಬದಲಾದಂತೆ ಪ್ರಮಾಣವೂ ಬದಲಾಗುತ್ತದೆ. ಒಂದು ಕೊಯ್ಲಿನ ಅಂಕಿ ಮುಂದಿನದಕ್ಕೆ ಸಲ್ಲದು.

ವರದಿಯಲ್ಲಿ ಯೂಜೆನಾಲಿನ ಹತ್ತಿರದ ಸಂಬಂಧಿಯಾದ ಮೀಥೈಲ್ ಯೂಜೆನಾಲ್ ಎಂಬ ರಾಸಾಯನಿಕದ ಅಂಕಿಯನ್ನೂ ಪ್ರತ್ಯೇಕವಾಗಿ ಕೇಳಿ. ಕೆಲವು ತುಳಸಿಗಳಲ್ಲಿ ಯೂಜೆನಾಲಿಗಿಂತ ಅದೇ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2023ರಲ್ಲಿ ಅದನ್ನು ‘ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ’ ಎಂಬ 2ಎ ಗುಂಪಿಗೆ ಸೇರಿಸಿದೆ. ಆ ಗುಂಪು ಹೇಳುವುದು ಪುರಾವೆ ಎಷ್ಟು ಬಲವಾಗಿದೆ ಎಂಬುದನ್ನು, ಒಂದು ಲೋಟದಿಂದ ಎಷ್ಟು ಅಪಾಯ ಎಂಬುದನ್ನಲ್ಲ. ಆದರೂ ಮಾರುವವರಾದ ನಿಮಗೆ ಆ ಅಂಕಿ ಗೊತ್ತಿರಬೇಕು.