ಕಲ್ಲು ತೊಳೆಯಬೇಡಿ, ನಿಮ್ಮ ಟ್ಯಾಂಕ್ ಇನ್ನೂ ಸತ್ತಿಲ್ಲ

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ 150 ಲೀಟರ್‌ನ ಉಪ್ಪುನೀರಿನ ಅಕ್ವೇರಿಯಂ ಆರಂಭಿಸಿದೆ. ಇದು ನನ್ನ ಮೊದಲ ಟ್ಯಾಂಕ್. ಎರಡು ಕ್ಲೌನ್ ಮೀನು, ಒಂದು ರಾಯಲ್ ಗ್ರಾಮಾ ಮೀನು, ಒಂದು ಗೋಬಿ ಮೀನು, ಒಂದು ಕ್ಲೀನರ್ ಸೀಗಡಿ, ಆರು ಬಸವನಹುಳು, ಅಂಗೈಯಗಲದ ಹಸಿರು ಹವಳ ಇದ್ದವು. ಎರಡು ದಿನ ಊರಿನಲ್ಲಿರಲಿಲ್ಲ. ಮರಳಿದಾಗ ಕ್ಯಾನಿಸ್ಟರ್ ಫಿಲ್ಟರ್ ನಿಂತುಹೋಗಿತ್ತು, ಆದರೆ ಮೀನುಗಳು ಚೆನ್ನಾಗಿಯೇ ಇದ್ದವು. ಫಿಲ್ಟರನ್ನು ಮತ್ತೆ ಚಾಲೂ ಮಾಡಿ ಮಲಗಿದೆ. ಬೆಳಿಗ್ಗೆ ನೀರು ಹಾಲು ಬೆರೆಸಿದಂತಿತ್ತು, ಮೂರು ಮೀನುಗಳು ಸತ್ತಿದ್ದವು. ಗಾಬರಿಯಲ್ಲಿ ಫಿಲ್ಟರಿನ ಸ್ಪಾಂಜುಗಳನ್ನೆಲ್ಲ ನಲ್ಲಿ ನೀರಿನಲ್ಲಿ ತೊಳೆದೆ. ಬ್ಯಾಕ್ಟೀರಿಯಾದ ಒಂದು ಬಾಟಲಿಯನ್ನು ಪೂರ್ತಿ ಸುರಿದೆ. ನೀರಿನಲ್ಲಿ ವಿಷಕಾರಿ ಅಮೋನಿಯಾ 2 ಪಿಪಿಎಂ (ದಶಲಕ್ಷಕ್ಕೆ ಎರಡು ಭಾಗ) ತೋರಿಸುತ್ತಿದೆ. ಉಳಿದ ಒಂದು ಕ್ಲೌನ್ ಮೇಲಕ್ಕೆ ಬಂದು ಬಾಯಿ ತೆರೆದು ಉಸಿರಾಡುತ್ತಿದೆ, ಸೀಗಡಿ ಕಾಣುತ್ತಿಲ್ಲ. ಎಲ್ಲವನ್ನೂ ಖಾಲಿ ಮಾಡಿ, ಕಲ್ಲು ತೊಳೆದು ಹೊಸದಾಗಿ ಆರಂಭಿಸಲೇ? ಮತ್ತೆ ಮೀನು ತರುವುದು ಯಾವಾಗ?

ಉತ್ತರ: ಮೊದಲು ಆ ಕ್ಲೌನ್ ಮೀನಿನ ಕೆಲಸ ಮುಗಿಸಿ, ಉಳಿದದ್ದನ್ನು ಆಮೇಲೆ ಓದಿ. ಇಪ್ಪತ್ತು ಲೀಟರಿನಷ್ಟು ಹಿಡಿಯುವ, ಸಾಬೂನು ಸೋಕದ ಒಂದು ಬಕೆಟ್ ತೆಗೆದುಕೊಳ್ಳಿ. ಅದರಲ್ಲಿ ಆರ್‌ಓ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸಿ. ಲೀಟರಿಗೆ 35ರಿಂದ 38 ಗ್ರಾಂ ಹಿಡಿಯುತ್ತದೆ. ಉಪ್ಪಿನ ಪ್ರಮಾಣ ಟ್ಯಾಂಕಿನಲ್ಲಿರುವಷ್ಟೇ ಇರಲಿ, ಶಾಖವೂ ಅಷ್ಟೇ ಇರಲಿ. ಗಾಳಿಯ ಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿ, ಹೀಟರ್ ಹಾಕಿ. ಸಾಮಾನ್ಯವಾಗಿ ಹೊಸ ಉಪ್ಪುನೀರನ್ನು ಒಂದು ದಿನ ಕಲಕಲು ಬಿಡಿ ಎನ್ನುತ್ತೇನೆ. ಇಂದು ಅಷ್ಟು ಸಮಯವಿಲ್ಲ, ಉಪ್ಪು ಪೂರ್ತಿ ಕರಗಿ ನೀರು ತಿಳಿಯಾದರೆ ಸಾಕು. ಶಾಖ ಮತ್ತು ಉಪ್ಪು ಹೊಂದಿಕೆಯಾಗಿದ್ದರೆ ಹನಿಹನಿಯಾಗಿ ಒಗ್ಗಿಸುವ ಅಗತ್ಯವೂ ಇಲ್ಲ. ಮೀನನ್ನು ನೇರವಾಗಿ ಒಳ್ಳೆಯ ನೀರಿಗೆ ಬಿಡಿ, ಹಳೆಯ ನೀರನ್ನು ಬಕೆಟ್ಟಿಗೆ ಸುರಿಯಬೇಡಿ. ದಿನವೂ ಬಕೆಟ್ಟಿನ ಅರ್ಧ ನೀರು ಬದಲಿಸಿದರೆ ಅದು ಅಲ್ಲಿ ಕೆಲವು ವಾರ ಬದುಕಬಲ್ಲದು. ಎರಡು ದಿನ ಆಹಾರ ಬೇಡ.

ಈಗ ಏನಾಯಿತೆಂದು ನೋಡೋಣ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಮೀನುಗಳು ಚೆನ್ನಾಗಿಯೇ ಇದ್ದವು’ ಎಂಬಲ್ಲಿ. ಫಿಲ್ಟರ್ ನಿಂತದ್ದರಿಂದ ಅವು ಸಾಯಲಿಲ್ಲ, ಅದು ಮತ್ತೆ ಹೊರಟದ್ದರಿಂದ ಸತ್ತವು. ಕ್ಯಾನಿಸ್ಟರ್ ಎಂದರೆ ಬಿಗಿಯಾಗಿ ಮುಚ್ಚಿದ ಡಬ್ಬಿ. ನೀರು ಓಡುತ್ತಿರುವವರೆಗೆ ಅದರೊಳಗಿನ, ಅಮೋನಿಯಾವನ್ನು ಕಳೆಯುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಸಿಗುತ್ತದೆ. ನೀರು ನಿಂತರೆ ಕೆಲವೇ ಗಂಟೆಗಳಲ್ಲಿ ಆ ಡಬ್ಬಿಯ ಆಮ್ಲಜನಕ ಮುಗಿದು, ಬ್ಯಾಕ್ಟೀರಿಯಾಗಳು ಸಾಯತೊಡಗುತ್ತವೆ, ಸ್ಪಾಂಜಿನಲ್ಲಿ ಸೇರಿದ್ದ ಕಸ ಕೊಳೆಯುತ್ತದೆ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕೂಡ ಹುಟ್ಟಬಹುದು. ಎರಡು ದಿನ ಹೀಗೆ ಕುದಿದ ಆ ನೀರನ್ನು ನೀವು ಸ್ವಿಚ್ ಒತ್ತಿ ಟ್ಯಾಂಕಿಗೆ ಕಳುಹಿಸಿದಿರಿ. ಇದು ನಿಮಗೆ ತಿಳಿದಿರಬೇಕಿತ್ತು ಎಂದು ನಾನು ಹೇಳುವುದಿಲ್ಲ; ನಾಲ್ಕು ತಿಂಗಳಲ್ಲಿ ಇದು ಯಾರಿಗೂ ಹೊಳೆಯುವುದಿಲ್ಲ. ಆದರೆ ಮುಂದೆ ನಿಂತ ಫಿಲ್ಟರನ್ನು ಎಂದೂ ಹಾಗೆಯೇ ಚಾಲೂ ಮಾಡಬೇಡಿ. ಬಿಚ್ಚಿ, ಅದರ ನೀರನ್ನು ಚೆಲ್ಲಿ, ಸ್ಪಾಂಜನ್ನು ಟ್ಯಾಂಕಿನಿಂದ ತೆಗೆದ ಉಪ್ಪುನೀರಿನಲ್ಲಿ ಹಿಂಡಿ, ಆಮೇಲೆ ಜೋಡಿಸಿ. ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾ ಕೊಲ್ಲಲೆಂದೇ ಹಾಕಿದ್ದು. ಸ್ಪಾಂಜಿನಲ್ಲಿ ಉಳಿದಿದ್ದ ಸ್ವಲ್ಪವನ್ನೂ ಅದು ಮುಗಿಸಿರುತ್ತದೆ.

ಹಾಲಿನಂಥ ಆ ಬಿಳುಪು ಬೇರೊಂದು ಬಗೆಯ ಬ್ಯಾಕ್ಟೀರಿಯಾ. ಕೊಳೆತದ್ದನ್ನು ತಿಂದು ಬದುಕುವ ಇವು ಗಂಟೆಗಳಲ್ಲಿ ಲೆಕ್ಕವಿಲ್ಲದಷ್ಟಾಗಿ ನೀರಿನ ಆಮ್ಲಜನಕವನ್ನು ಹೀರುತ್ತವೆ. ಉಪ್ಪುನೀರಿಗೆ ಆಮ್ಲಜನಕ ಹಿಡಿದಿಡುವ ಶಕ್ತಿ ಮೊದಲೇ ಕಡಿಮೆ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಹಿಡಿದರೆ ಕಡಲನೀರು ಏಳಕ್ಕೂ ಕಡಿಮೆ ಹಿಡಿಯುತ್ತದೆ. ರಾತ್ರಿ ದೀಪ ಆರಿದ ಮೇಲೆ ಪಾಚಿಯೂ ಹವಳವೂ ಆಮ್ಲಜನಕವನ್ನು ಬಳಸುತ್ತವೆಯೇ ಹೊರತು ಕೊಡುವುದಿಲ್ಲ, ಹಾಗಾಗಿ ಸಾವುಗಳೆಲ್ಲ ಬೆಳಗಿನ ಜಾವಕ್ಕೇ. ಪಂಪಿನ ಬಾಯಿಯನ್ನು ಮೇಲಕ್ಕೆ ತಿರುಗಿಸಿ ನೀರಿನ ಮೇಲ್ಮೈ ಅಲೆಯೇಳುವಂತೆ ಮಾಡಿ, ಮುಚ್ಚಳ ತೆಗೆದಿಡಿ, ಸ್ಕಿಮ್ಮರ್ (ಗುಳ್ಳೆಯ ನೊರೆಯಿಂದ ನೀರಿನ ಕಸ ತೆಗೆಯುವ ಉಪಕರಣ) ಇದ್ದರೆ ಹಗಲೂ ರಾತ್ರಿ ಓಡಲಿ. ಬಿಳುಪನ್ನು ತಿಳಿಗೊಳಿಸುವ ದ್ರಾವಣ ಕೊಳ್ಳಬೇಡಿ. ಕೊಳೆಯುವುದು ಮುಗಿದರೆ ಬಿಳುಪು ತಾನೇ ಹೋಗುತ್ತದೆ.

ಕೊಳೆಯುತ್ತಿರುವುದನ್ನು ಹುಡುಕುವ ಕೆಲಸ ಮೂಗಿನದು. ಒಂದೊಂದೇ ಕಲ್ಲನ್ನು ಎತ್ತಿ ಮೂಸಿ ನೋಡಿ. ಜೀವ ಇರುವ ಕಲ್ಲಿಗೆ ಕಡಲ ದಂಡೆಯ ವಾಸನೆ ಇರುತ್ತದೆ. ಕೊಳೆತ ವಾಸನೆ ಬಂದರೆ ಅದರ ಯಾವುದೋ ರಂಧ್ರದಲ್ಲಿ ಏನೋ ಸತ್ತಿದೆ. ಬಹುಶಃ ಸೀಗಡಿ. ಆದರೆ ಬಿಳಿಯ ಖಾಲಿ ಕವಚ ಮಾತ್ರ ಸಿಕ್ಕಿದರೆ ಸತ್ತಿತೆಂದು ತೀರ್ಮಾನಿಸಬೇಡಿ, ಸೀಗಡಿಗಳು ಕವಚ ಕಳಚಿ ಕೆಲವು ದಿನ ಅಡಗುತ್ತವೆ. ಆರು ಬಸವನಹುಳುಗಳನ್ನೂ ಎಣಿಸಿ. ಮುಟ್ಟಿದರೆ ಒಳಗೆ ಸೆಳೆದುಕೊಳ್ಳುವುದು ಬದುಕಿದೆ. ಜೋತುಬಿದ್ದು ನಾರುವುದು ಸತ್ತಿದೆ. ಇಷ್ಟು ಚಿಕ್ಕ ಟ್ಯಾಂಕಿನಲ್ಲಿ ಕಣ್ಣಿಗೆ ಬೀಳದ ಒಂದು ದಪ್ಪ ಬಸವನಹುಳು ಮಾಡುವ ಹಾನಿ ಕಡಿಮೆಯಲ್ಲ.

ಆಮೇಲೆ ನೀರು. ಅರ್ಧ ನೀರು ಬದಲಿಸಿದರೆ ಅಮೋನಿಯಾ 2ರಿಂದ 1ಕ್ಕೆ, ಮರುದಿನ ಮತ್ತೆ ಅರ್ಧ ಬದಲಿಸಿದರೆ 0.5ಕ್ಕೆ ಇಳಿಯಬೇಕು. ನಡುವೆ ಹೊಸದಾಗಿ ಹುಟ್ಟುವುದೂ ಸೇರುವುದರಿಂದ ಲೆಕ್ಕ ಅಷ್ಟು ನೇರ ಬರುವುದಿಲ್ಲ. ಇಲ್ಲಿ ಒಂದು ಅಪಾಯವಿದೆ, ಇದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ: ಹೆಚ್ಚು ಕೆಡುಕು ಮಾಡದ ಅಮೋನಿಯಂ, ಕಿವಿರನ್ನು ಸುಡುವ ಅಮೋನಿಯಾ. ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ) ಒಂದು ಅಂಕ ಏರಿದರೆ ಸುಡುವ ಪಾಲು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. ಕೊಳೆತ ಟ್ಯಾಂಕಿನ ಪಿಎಚ್ 7.7ಕ್ಕೆ ಇಳಿದಿರಬಹುದು, ನಿಮ್ಮ ಹೊಸ ನೀರಿನದು 8.3 ಇರುತ್ತದೆ. ಅದನ್ನು ಸುರಿದಾಗ ಒಟ್ಟು ಅಮೋನಿಯಾ ಇಳಿದರೂ ವಿಷ ಏರಬಹುದು. ಅದಕ್ಕಾಗಿಯೇ ಕ್ಲೌನನ್ನು ಮೊದಲು ಬಕೆಟ್ಟಿಗೆ ಸಾಗಿಸಿ ಎಂದೆ. ಟ್ಯಾಂಕಿನಲ್ಲಿ ಉಳಿದ ಜೀವಿಗಳಿಗಾಗಿ, ಅಮೋನಿಯಾವನ್ನು ಕಟ್ಟಿಹಾಕುವ ಕಂಡೀಷನರನ್ನು ನೀರು ಬದಲಿಸುವ ಮೊದಲು ಹಾಕಿ. ಬಾಟಲಿಯ ಮೇಲೆ ಬರೆದ ಅಳತೆ ಮೀರಬೇಡಿ. ಕಟ್ಟಿಹಾಕಿದ ಅಮೋನಿಯಾವನ್ನೂ ಟೆಸ್ಟ್ ಕಿಟ್ ಸಾಮಾನ್ಯವಾಗಿ ಎಣಿಸುತ್ತದೆ, ಆದ್ದರಿಂದ ಅಂಕಿ ಇಳಿಯಲಿಲ್ಲವೆಂದು ಮತ್ತೆ ಮತ್ತೆ ಸುರಿಯಬೇಡಿ. ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ತಿರುಗಿಸಿದಾಗ ಹುಟ್ಟುವ ನೈಟ್ರೈಟ್ ಏರಿದರೆ ಸಿಹಿನೀರಿನವರಷ್ಟು ಹೆದರಬೇಕಿಲ್ಲ; ಕಡಲನೀರಿನಲ್ಲಿರುವ ಅಪಾರ ಕ್ಲೋರೈಡ್ ಅದು ಕಿವಿರಿನ ಮೂಲಕ ಒಳಹೋಗದಂತೆ ತಡೆಯುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಬೇಡ, ಖಾಲಿ ಮಾಡಬೇಡಿ. ನನ್ನ ಎರಡನೆಯ ಟ್ಯಾಂಕ್ ಹೀಗೆಯೇ ಕುಸಿದಾಗ ನಾನು ಕಲ್ಲುಗಳನ್ನೆಲ್ಲ ಹೊರಗೆ ತಂದು ಕೊಳಾಯಿಯ ಕೆಳಗೆ ಬ್ರಷ್ ಹಾಕಿ ಉಜ್ಜಿದೆ, ಬಿಸಿಲಿಗಿಟ್ಟೆ. ಕೊನೆಯ ಕಲ್ಲನ್ನು ಎತ್ತಿದಾಗ ಅದರ ರಂಧ್ರದಿಂದ ಉಗುರಿನಷ್ಟು ಪುಟ್ಟ ಬ್ರಿಟಲ್ ಸ್ಟಾರ್ (ನಕ್ಷತ್ರಮೀನಿನ ಹತ್ತಿರದ ಬಂಧು) ಒಂದು ತನ್ನ ಐದು ತೋಳುಗಳನ್ನು ಚಾಚಿ ಸಿಮೆಂಟಿನ ನೆಲದ ಮೇಲೆ ಹರಿಯಿತು. ಮೀನುಗಳು ಸತ್ತ ನೀರಿನಲ್ಲಿ ಅದು ಬದುಕಿತ್ತು. ಅದನ್ನು ಬಿಡಲು ನನ್ನ ಬಳಿ ಒಂದು ಲೋಟ ಉಪ್ಪುನೀರೂ ಉಳಿದಿರಲಿಲ್ಲ. ಇಷ್ಟು ವರ್ಷಗಳಾದರೂ ಅದು ನನಗೆ ನೋವು. ಆ ಟ್ಯಾಂಕ್ ಸತ್ತಿರಲಿಲ್ಲ, ನಾನೇ ಕೊಂದೆ. ಆಮೇಲೆ ಬರಿಯ ಕಲ್ಲಿನಿಂದ ಆರಂಭಿಸಿ ಮೊದಲ ಮೀನು ಬಿಡಲು ಎಂಟು ವಾರ ಬೇಕಾಯಿತು.

ಅಮೋನಿಯಾವನ್ನು ನೈಟ್ರೈಟಿಗೂ, ಅದನ್ನು ನೈಟ್ರೇಟಿಗೂ ತಿರುಗಿಸುವ ಬ್ಯಾಕ್ಟೀರಿಯಾಗಳು ಕಲ್ಲು, ಮರಳು, ಗಾಜಿಗೆ ಅಂಟಿಕೊಂಡು ಬದುಕುತ್ತವೆ, ನೀರಿನಲ್ಲಿ ತೇಲುವುದು ತೀರಾ ಕಡಿಮೆ. ಎಷ್ಟು ನೀರು ಬದಲಿಸಿದರೂ ಅವು ಹೋಗುವುದಿಲ್ಲ. ಒಣಗಿಸಿದರೆ, ಕ್ಲೋರಿನ್ ಕುಡಿಸಿದರೆ ಹೋಗುತ್ತವೆ. ಬಿಳುಪಿನ ಬ್ಯಾಕ್ಟೀರಿಯಾಗಳಂತೆ ಅವಸರದವೂ ಅಲ್ಲ. ಒಂದು ಎರಡಾಗಲು ಅರ್ಧ ದಿನ, ಒಮ್ಮೊಮ್ಮೆ ಒಂದು ದಿನವೂ ಬೇಕು. ನಿಮ್ಮ ಫಿಲ್ಟರಿನಲ್ಲಿದ್ದವು ಹೋದವು, ಕಲ್ಲಿನಲ್ಲಿರುವವು ಉಳಿದಿವೆ. ಅವು ಹರಡಿಕೊಳ್ಳಲು ಎರಡರಿಂದ ನಾಲ್ಕು ವಾರ ಕೊಡಿ. ನೀವು ಸುರಿದ ಬಾಟಲಿಯಿಂದ ಕೆಡುಕಿಲ್ಲ, ಒಳ್ಳೆಯದಾಗಿದ್ದರೂ ಆಗಿರಬಹುದು, ಎರಡನೆಯದು ಬೇಡ.

ದಿನವೂ ಒಂದೇ ಹೊತ್ತಿಗೆ ಅಮೋನಿಯಾ ಅಳೆದು ಪುಸ್ತಕದಲ್ಲಿ ಬರೆದಿಡಿ. ಹವಳ ಮುದುಡಿಕೊಂಡಿದ್ದರೂ ಒಂದು ವಾರ ಮುಟ್ಟಬೇಡಿ, ಕರಗಿ ಲೋಳೆಯಾದರೆ ಮಾತ್ರ ತೆಗೆಯಿರಿ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಒಂದು ವಾರ ಸೊನ್ನೆಯಲ್ಲಿ ನಿಂತ ಮೇಲೆ ಕ್ಲೌನನ್ನು ಮನೆಗೆ ಮರಳಿಸಿ, ಒಂದು ಚಿಟಿಕೆ ಆಹಾರ ಕೊಡಿ, ಮರುದಿನ ಅಳೆಯಿರಿ. ಸೊನ್ನೆಯೇ ಇದ್ದರೆ ಆಹಾರವನ್ನು ಮೆಲ್ಲನೆ ಹೆಚ್ಚಿಸಿ. ಹೊಸ ಮೀನು ಅದಕ್ಕೂ ಒಂದು ತಿಂಗಳ ನಂತರ, ಒಂದೇ ಒಂದು.

ಪ್ರಶ್ನೆ: 100 ಲೀಟರ್ ಟ್ಯಾಂಕಿನಲ್ಲಿ ನೀರು ಕಡಿಮೆಯಾದಾಗಲೆಲ್ಲ ಉಪ್ಪುನೀರನ್ನೇ ತುಂಬುತ್ತಿದ್ದೆ. ಈಗ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ 1.030 ತೋರಿಸುತ್ತಿದೆ, ಎರಡು ಬಸವನಹುಳು ಸತ್ತಿವೆ. ಇಂದೇ ಸರಿಪಡಿಸಲೇ?

ಉತ್ತರ: ಇಂದೇ ಆರಂಭಿಸಿ, ಇಂದೇ ಮುಗಿಸಬೇಡಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟನ್ನು ಬರಿಯ ಆರ್‌ಓ ನೀರಿನಿಂದ ತುಂಬಬೇಕಿತ್ತು. ಮೊದಲು ಉಪಕರಣವನ್ನು 35 ಪಿಪಿಟಿಯ (ಸಾವಿರಕ್ಕೆ 35 ಭಾಗ ಉಪ್ಪಿನ) ಪ್ರಮಾಣಿತ ದ್ರಾವಣದಿಂದ ಸರಿಹೊಂದಿಸಿ. ಬರಿಯ ನೀರಿನಿಂದ ಸೊನ್ನೆಗೆ ಹೊಂದಿಸಿದರೆ ಕಡಲನೀರಿನ ಮಟ್ಟದಲ್ಲಿ ತಪ್ಪು ತೋರಿಸಬಹುದು. ಆಮೇಲೂ 1.030 ಇದ್ದರೆ ಅದು ಸುಮಾರು 40 ಪಿಪಿಟಿ. 35ಕ್ಕೆ ತರಲು ಒಟ್ಟು 12ರಿಂದ 13 ಲೀಟರ್ ಟ್ಯಾಂಕ್ ನೀರು ತೆಗೆದು ಅಷ್ಟೇ ಆರ್‌ಓ ನೀರು ಹಾಕಬೇಕು. ದಿನಕ್ಕೆ ಮೂರು ಲೀಟರಿನಂತೆ ಹಾಕಿ, ನಾಲ್ಕು ದಿನಗಳಲ್ಲಿ ಮುಗಿಯುತ್ತದೆ. ಇನ್ನೂ ಬೇಗನೆ ಬದಲಿಸಿದರೂ ಮೀನುಗಳು ತಾಳಿಕೊಂಡಾವು, ಉಳಿದ ಬಸವನಹುಳುಗಳು ತಾಳಲಾರವು. ಉಪ್ಪು ಸರಿಹೋದ ದಿನ ನೀರಿನ ಮಟ್ಟಕ್ಕೆ ಗಾಜಿನ ಹೊರಗೆ ಒಂದು ಟೇಪ್ ಅಂಟಿಸಿ.

ಪ್ರಶ್ನೆ: ಕಳೆದ ತಿಂಗಳು ಕುಸಿದ ನನ್ನ ಟ್ಯಾಂಕಿನಲ್ಲಿ ಅಮೋನಿಯಾ ಸೊನ್ನೆಗೆ ಬಂದಿದೆ. ಆದರೆ ಮರಳು, ಕಲ್ಲು, ಗಾಜು ಎಲ್ಲದರ ಮೇಲೂ ಕಂದು ಪುಡಿ ಹರಡಿದೆ. ಮತ್ತೆ ಕುಸಿಯುತ್ತಿದೆಯೇ?

ಉತ್ತರ: ಇಲ್ಲ. ಒರೆಸಿದರೆ ಪುಡಿಯಂತೆ ಎದ್ದುಹೋಗುವುದಾದರೆ ಅದು ಡಯಾಟಮ್, ನೀರಿನ ಸಿಲಿಕೇಟ್ ಬಳಸಿ ಗಾಜಿನಂಥ ಕವಚ ಕಟ್ಟಿಕೊಳ್ಳುವ ಪಾಚಿ. ಹೊಸ ಟ್ಯಾಂಕಿನಲ್ಲೂ ಚೇತರಿಸಿಕೊಳ್ಳುತ್ತಿರುವ ಟ್ಯಾಂಕಿನಲ್ಲೂ ಇದು ಬಂದು, ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಹೋಗುತ್ತದೆ. ಹೋಗದಿದ್ದರೆ ಸಿಲಿಕೇಟನ್ನು ತಡೆಯುವ ಆರ್‌ಓ ಫಿಲ್ಟರಿನ ಪೊರೆ ಹಳೆಯದಾಗಿದೆಯೇ ನೋಡಿ. ಔಷಧಿ ಹಾಕಬೇಡಿ. ಗಾಜಿನ ಮೇಲಿನದನ್ನು ನೀವು ಒರೆಸಿ, ಕಲ್ಲಿನ ಮೇಲಿನದನ್ನು ಬಸವನಹುಳುಗಳಿಗೆ ಬಿಡಿ.