ಓದುಗರ ಪ್ರಶ್ನೆ: ರೂಟರ್ ಪಕ್ಕದಲ್ಲೇ ಕೂತರೂ ವೈಫೈ ನಿಧಾನವೇಕೆ?

ಪ್ರಶ್ನೆ: ಉಬುಂಟು ಹಾಕಿದ ಲ್ಯಾಪ್‌ಟಾಪ್, ಇಂಟೆಲ್ ವೈಫೈ ಕಾರ್ಡು, ಐಡಬ್ಲ್ಯುಎಲ್‌ವೈಫೈ ಡ್ರೈವರ್. ಮೊಬೈಲಿಗೆ 150 ಎಂಬಿಪಿಎಸ್ ಸಿಗುವ ಜಾಗದಲ್ಲೇ ಲ್ಯಾಪ್‌ಟಾಪಿಗೆ 20 ದಾಟುವುದಿಲ್ಲ. ‘ಐಡಬ್ಲ್ಯು ಡೆವ್ (ಕಾರ್ಡಿನ ಹೆಸರು) ಲಿಂಕ್’ ಕಮಾಂಡಿನಲ್ಲಿ ಟಿಎಕ್ಸ್ ಬಿಟ್‌ರೇಟ್ (ಕಳುಹಿಸುವ ದರ) ಯಾವಾಗಲೂ 54 ಎಂದೇ ಬರುತ್ತದೆ. ಬೇರೆ ಡ್ರೈವರ್ ಹಾಕಬೇಕೆ?
– ಹಾಸನದ ಓದುಗರು

ಉತ್ತರ: ಡ್ರೈವರ್ ಮುಟ್ಟಬೇಡಿ. ಕಾರಣ ನೀವು ಕೊಟ್ಟಿರುವ 54ರಲ್ಲೇ ಇದೆ. ಅದು 802.11ಎ ಮತ್ತು ಜಿ ಎಂಬ ಹಳೆಯ ವೈಫೈ ಮಾನದಂಡಗಳ ಕಾಲದ ಗರಿಷ್ಠ ದರ. ಸಿಗ್ನಲ್ ದುರ್ಬಲವಾಗಿದ್ದರೆ ಅಂಕಿ ಏರಿಳಿಯುತ್ತದೆ, ಹೀಗೆ 54ಕ್ಕೇ ಅಂಟಿಕೊಳ್ಳುವುದಿಲ್ಲ. ಅಂದರೆ 2009ರಲ್ಲಿ ಬಂದ 802.11ಎನ್ ಮತ್ತು ಆಮೇಲಿನ ಎಸಿ ನಿಮ್ಮಲ್ಲಿ ಚಾಲೂ ಆಗುತ್ತಲೇ ಇಲ್ಲ. ಹಾಗಾಗುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣ.

ಮೊದಲು ನಿಮ್ಮ ಕಂಪ್ಯೂಟರಿನಲ್ಲೇ ನೋಡಿ. /ಸಿಸ್/ಮಾಡ್ಯೂಲ್/ಐಡಬ್ಲ್ಯುಎಲ್‌ವೈಫೈ/ಪ್ಯಾರಾಮೀಟರ್ಸ್ ಫೋಲ್ಡರಿನಲ್ಲಿ ‘11ಎನ್_ಡಿಸೇಬಲ್’ ಎಂಬ ಫೈಲಿದೆ, ‘ಕ್ಯಾಟ್’ ಕಮಾಂಡಿನಿಂದ ಅದರಲ್ಲೇನಿದೆ ನೋಡಿ. 1 ಬಂದರೆ ಕಳ್ಳ ಸಿಕ್ಕಿದ. ‘11ಎನ್_ಡಿಸೇಬಲ್=1’ ಎಂಬುದು ಸಂಪರ್ಕ ಪದೇಪದೇ ಕಡಿಯುವುದಕ್ಕೆ ಪರಿಹಾರವೆಂದು ಹಿಂದೆ ಹಲವರು ಸೂಚಿಸುತ್ತಿದ್ದ ಸಾಲು. ಈಗಲೂ ಜನ ಅರ್ಥ ನೋಡದೆ ಅಂಟಿಸಿಕೊಳ್ಳುತ್ತಾರೆ. 1 ಎಂದರೆ 11ಎನ್ ಪೂರ್ತಿ ಬಂದ್. 2 ಎಂದರೆ ಕಳುಹಿಸುವಾಗ ಫ್ರೇಮುಗಳನ್ನು (ದತ್ತಾಂಶದ ತುಣುಕುಗಳನ್ನು) ಒಟ್ಟುಗೂಡಿಸುವುದು ಬಂದ್, 4 ಎಂದರೆ ಸ್ವೀಕರಿಸುವಾಗ ಬಂದ್, 8 ಎಂದರೆ ಕಳುಹಿಸುವಾಗಿನ ಒಟ್ಟುಗೂಡಿಕೆ ಚಾಲೂ. /ಇಟಿಸಿ/ಮಾಡ್‌ಪ್ರೋಬ್.ಡಿ ಫೋಲ್ಡರಿನ ಯಾವ ಫೈಲಿನಲ್ಲಿ ಆ ಸಾಲಿದೆ ಎಂದು ‘ಗ್ರೆಪ್’ ಮಾಡಿ ಹುಡುಕಿ, ಅಳಿಸಿ, ರೀಸ್ಟಾರ್ಟ್ ಮಾಡಿ.

ಅಲ್ಲಿ 0 ಇದ್ದರೆ ರೂಟರಿನ ಕಡೆ ತಿರುಗಿ. ಭದ್ರತೆ ಟಿಕೆಐಪಿ ಅಥವಾ ಹಳೆಯ ವೆಪ್ ಆಗಿದ್ದರೆ ಲಿನಕ್ಸ್ ತಾನಾಗಿಯೇ ಎನ್ ದರಗಳನ್ನು ಕೈಬಿಡುತ್ತದೆ. ಇದು ಡ್ರೈವರಿನ ದೋಷವಲ್ಲ, ಆ ಗೂಢಲಿಪಿಗಳ ಜೊತೆ ಎನ್ ದರ ಬಳಸುವಂತಿಲ್ಲ ಎಂಬುದು ನಿಯಮ. ಯಾವ ಬಗೆಯ ದತ್ತಾಂಶಕ್ಕೆ ಆದ್ಯತೆ ಎಂದು ನೋಡಿಕೊಳ್ಳುವ ಡಬ್ಲ್ಯುಎಂಎಂ ಎಂಬ ಆಯ್ಕೆ ಆಫ್ ಆಗಿದ್ದರೂ ಹೀಗೇ ಆಗುತ್ತದೆ. ವೈಫೈಗೆ ಮತ್ತೆ ಸೇರಿಕೊಂಡು ಕೂಡಲೇ ‘ಡಿಮೆಸೇಜ್’ (ಕರ್ನೆಲ್ ಸಂದೇಶಗಳ ಪಟ್ಟಿ) ನೋಡಿದರೆ ಎಚ್‌ಟಿ, ಅಂದರೆ ಎನ್ ದರಗಳನ್ನು, ನಿಲ್ಲಿಸಿರುವುದೂ ಅದಕ್ಕೆ ಕಾರಣವೂ ಒಂದೇ ಸಾಲಿನಲ್ಲಿ ಸಿಗುತ್ತವೆ. ರೂಟರಿನಲ್ಲಿ ‘ಡಬ್ಲ್ಯುಪಿಎ2, ಎಇಎಸ್’ ಮಾತ್ರ ಆರಿಸಿ. ಟಿಕೆಐಪಿಯನ್ನೂ ಸೇರಿಸಿಕೊಂಡ ಮಿಶ್ರ ಆಯ್ಕೆ ಬೇಡ. ಡಬ್ಲ್ಯುಎಂಎಂ ಆನ್ ಮಾಡಿ. ಎರಡು ಆಂಟೆನಾದ ಎಸಿ ಕಾರ್ಡಾದರೆ, 5 ಗಿಗಾಹರ್ಟ್ಸಿನಲ್ಲಿ 80 ಮೆಗಾಹರ್ಟ್ಸ್ ಅಗಲಕ್ಕೆ ಗರಿಷ್ಠ ದರ 866.7 ಎಂಬಿಪಿಎಸ್.

54 ತೋರಿಸಿ 20 ಮಾತ್ರ ಸಿಗುವುದು ಸಹಜವೇ. ಪ್ರತಿ ಫ್ರೇಮಿಗೂ ಸರದಿ ಕಾಯಬೇಕು, ತಲುಪಿತೆಂಬ ಉತ್ತರಕ್ಕೂ ಕಾಯಬೇಕು. ಆ ಕಾಯುವಿಕೆಯಲ್ಲೇ ಅರ್ಧಕ್ಕಿಂತ ಹೆಚ್ಚು ಸಮಯ ಹೋಗುತ್ತದೆ. ಎನ್ ಬಂದ ಮೇಲೆ ಹಲವು ಫ್ರೇಮುಗಳನ್ನು ಒಟ್ಟಿಗೆ ಕಳುಹಿಸಿ ಒಂದೇ ಉತ್ತರ ಪಡೆಯುವುದರಿಂದ ಈ ನಷ್ಟ ತಗ್ಗಿತು.

ಪ್ರಶ್ನೆ: ನನ್ನದು ಎಟಿಎಚ್9ಕೆ ಡ್ರೈವರ್, 2.4 ಗಿಗಾಹರ್ಟ್ಸ್. ಬಿಟ್‌ರೇಟ್ ಒಮ್ಮೆ 300, ಒಮ್ಮೆ 1. ಸಂಜೆಯಾದರೆ ತೀರಾ ನಿಧಾನ. ದರವನ್ನು 300ಕ್ಕೇ ಕಟ್ಟಿಹಾಕಬಹುದೆ?
– ಬೆಂಗಳೂರಿನ ಅಪಾರ್ಟ್‌ಮೆಂಟ್ ನಿವಾಸಿ

ಉತ್ತರ: ಕಟ್ಟಿಹಾಕಬೇಡಿ, ಇನ್ನೂ ಕೆಡುತ್ತದೆ. ಬಿಟ್‌ರೇಟ್ ನೋಡುವ ‘ಐಡಬ್ಲ್ಯು’ ಕಮಾಂಡ್ ತೋರಿಸುವುದು ಕೊನೆಯ ಫ್ರೇಮಿನ ದರವನ್ನು. ಕಂಪ್ಯೂಟರ್ ಸುಮ್ಮನಿದ್ದಾಗ ಓಡಾಡುವ ನಿರ್ವಹಣಾ ಫ್ರೇಮುಗಳು 1 ಎಂಬಿಪಿಎಸ್‌ನಲ್ಲೇ ಹೋಗುವುದರಿಂದ ಆ 1ಕ್ಕೆ ಹೆದರಬೇಕಿಲ್ಲ. ಭಾರ ಹಾಕಿಯೇ ಅಳೆಯಿರಿ. ಇನ್ನೊಂದು ಕಂಪ್ಯೂಟರನ್ನು ಕೇಬಲ್‌ನಿಂದ ರೂಟರಿಗೆ ಜೋಡಿಸಿ ಅಲ್ಲಿ ವೇಗ ಅಳೆಯುವ ‘ಐಪರ್ಫ್3 -ಎಸ್’ ಓಡಿಸಿ. ಇಲ್ಲಿಂದ -ಸಿ ಕೊಟ್ಟು ಅದರ ಐಪಿ ವಿಳಾಸ ಹಾಕಿ, ‘-ಟಿ 30’ ಸೇರಿಸಿ 30 ಸೆಕೆಂಡು ಕಳುಹಿಸಿ. ಆಮೇಲೆ ದೊಡ್ಡಕ್ಷರದ -ಆರ್ ಸೇರಿಸಿ ತಿರುಗುಮುರುಗು. ಇಂಟರ್ನೆಟ್ ಸ್ಪೀಡ್ ಟೆಸ್ಟ್ ಇದಕ್ಕೆ ಬದಲಿಯಲ್ಲ, ಹೊರಗಿನ ಲೈನಿನ ದೋಷವೂ ಅದರಲ್ಲಿ ಬೆರೆಯುತ್ತದೆ.

ಪರೀಕ್ಷೆಯ ಮೊದಲು ಮತ್ತು ನಂತರ ‘ಐಡಬ್ಲ್ಯು’ ಕಮಾಂಡಿನ ‘ಸ್ಟೇಷನ್ ಡಂಪ್’ ತೆಗೆದು ‘ಟಿಎಕ್ಸ್ ರಿಟ್ರೈಸ್’ (ಮತ್ತೆ ಕಳುಹಿಸಿದ ಲೆಕ್ಕ) ಎಷ್ಟು ಏರಿತು ನೋಡಿ. ಸಿಗ್ನಲ್ -50 ಡಿಬಿಎಂ ಆಸುಪಾಸು (ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಚೆನ್ನಾಗಿದ್ದು ರಿಟ್ರೈ ಮಾತ್ರ ವಿಪರೀತವಾದರೆ ಅಕ್ಕಪಕ್ಕದ ಮನೆಗಳ ಗದ್ದಲವೇ ಕಾರಣವಿರಬಹುದು. ಸಂಜೆ ಹೆಚ್ಚುವುದೂ ಅದನ್ನೇ ಹೇಳುತ್ತದೆ. ದರ ಆರಿಸುವ ಮಿನ್‌ಸ್ಟ್ರೆಲ್ ಎಂಬ ಭಾಗ ಪ್ರತಿ ದರದಲ್ಲೂ ಎಷ್ಟು ಫ್ರೇಮು ತಲುಪಿತೆಂಬ ಲೆಕ್ಕವಿಟ್ಟು ಲಾಭದಾಯಕ ದರವನ್ನು ಹಿಡಿಯುತ್ತದೆ. ಆದರೆ ಫ್ರೇಮು ಸೋತದ್ದು ದೂರದಿಂದಲೋ ಡಿಕ್ಕಿಯಿಂದಲೋ ಅದಕ್ಕೆ ತಿಳಿಯದು. ಡಿಕ್ಕಿಯಾದರೂ ದರ ಇಳಿಸುತ್ತದೆ. 1500 ಬೈಟಿನ ಫ್ರೇಮಿನ ದತ್ತಾಂಶಕ್ಕೆ 65 ಎಂಬಿಪಿಎಸ್‌ನಲ್ಲಿ 0.2 ಮಿಲಿಸೆಕೆಂಡೂ ಬೇಡ, 1 ಎಂಬಿಪಿಎಸ್‌ನಲ್ಲಿ 12 ಮಿಲಿಸೆಕೆಂಡು ಬೇಕು. ಅಷ್ಟು ಹೊತ್ತು ಗಾಳಿಯಲ್ಲಿದ್ದರೆ ಮತ್ತೆ ಡಿಕ್ಕಿಯಾಗುವ ಸಂಭವವೂ ಹೆಚ್ಚು.

ರೂಟರಿನಲ್ಲಿ ಚಾನೆಲ್ ಅಗಲವನ್ನು 40ರಿಂದ 20 ಮೆಗಾಹರ್ಟ್ಸಿಗೆ ಇಳಿಸಿ; 1, 6, 11ರಲ್ಲಿ ‘ಐಡಬ್ಲ್ಯು’ವಿನ ‘ಸರ್ವೇ ಡಂಪ್’ ಕಡಿಮೆ ಬ್ಯುಸಿ ಎಂದು ತೋರಿಸುವ ಚಾನೆಲ್ ಹಿಡಿಯಿರಿ. ತೋರುವ ಅಂಕಿ 300ರಿಂದ 144.4ಕ್ಕೆ ಇಳಿದರೂ ಕೈಗೆ ಸಿಗುವ ವೇಗ ಅನೇಕ ಬಾರಿ ಏರುತ್ತದೆ. ಕಾರ್ಡು ಮತ್ತು ರೂಟರ್ ಎರಡೂ 5 ಗಿಗಾಹರ್ಟ್ಸ್ ಬಲ್ಲವಾದರೆ ಅಲ್ಲಿಗೇ ಹೋಗಿ. ಯುಎಸ್‌ಬಿ 3.0 ಡಿಸ್ಕ್ ಆಂಟೆನಾದ ಹತ್ತಿರವಿದ್ದರೆ ದೂರವಿಡಿ, ಅದು ಹೊಮ್ಮಿಸುವ ಗದ್ದಲ 2.4ರ ಮೇಲೇ ಬೀಳುತ್ತದೆ.

ಪ್ರಶ್ನೆ: ರಿಯಲ್‌ಟೆಕ್ ಆರ್‌ಟಿಎಲ್8723ಬಿಇ ಕಾರ್ಡು. ರೂಟರ್ ಇರುವ ಕೋಣೆಯಲ್ಲೇ ಸಿಗ್ನಲ್ -80 ಡಿಬಿಎಂ!
– ಧಾರವಾಡದ ವಿದ್ಯಾರ್ಥಿನಿ

ಉತ್ತರ: ಈ ಕಾರ್ಡಿನಲ್ಲಿ ಆಂಟೆನಾ ಸಿಕ್ಕಿಸಲು ಎರಡು ಜಾಗವಿದ್ದು, ಕೆಲವು ಲ್ಯಾಪ್‌ಟಾಪ್ ತಯಾರಕರು ಒಂದಕ್ಕೆ ಮಾತ್ರ ತಂತಿ ಎಳೆದಿರುತ್ತಾರೆ. ಡ್ರೈವರ್ ಖಾಲಿ ಜಾಗವನ್ನು ಆರಿಸಿಕೊಂಡರೆ ಹೀಗಾಗುತ್ತದೆ. ‘ಸುಡೋ ಮಾಡ್‌ಪ್ರೋಬ್ -ಆರ್’ (ಇಲ್ಲಿ ಚಿಕ್ಕಕ್ಷರ) ಕೊಟ್ಟು ಡ್ರೈವರ್ ಇಳಿಸಿ, ‘ಎಎನ್‌ಟಿ_ಸೆಲ್=2’ ಸೇರಿಸಿ ಮತ್ತೆ ಏರಿಸಿ. ಸುಧಾರಿಸದಿದ್ದರೆ 1 ಕೊಟ್ಟು ನೋಡಿ. ಸಿಗ್ನಲ್ 20–30 ಡಿಬಿ ಏರಿದರೆ ಅದೇ ಸರಿಯಾದ ಸಂಖ್ಯೆ. ಅದನ್ನು ‘ಆಪ್ಷನ್ಸ್’ ಎಂದು ಶುರುವಾಗುವ ಸಾಲಾಗಿ ಮಾಡ್‌ಪ್ರೋಬ್.ಡಿ ಫೋಲ್ಡರಿನಲ್ಲಿ .ಕಾನ್ಫ್ ಫೈಲಿನಲ್ಲಿ ಬರೆದಿಡಿ. 20 ಮೆಗಾಹರ್ಟ್ಸಿನಲ್ಲಿ ಇದರ ಮಿತಿ 72.2 ಎಂಬಿಪಿಎಸ್. ಬ್ಲೂಟೂತ್ ಕೂಡ ಇದೇ ಚಿಪ್ಪಿನಲ್ಲಿರುವುದರಿಂದ ಹೆಡ್‌ಸೆಟ್ ಜೋಡಿಸಿ ವೇಗ ಅಳೆಯಬೇಡಿ.

ಪ್ರಶ್ನೆ: ವೇಗ ಸರಿಯಿದೆ, ಆದರೆ ಪಿಂಗ್ ಒಮ್ಮೆ 3, ಒಮ್ಮೆ 200 ಮಿಲಿಸೆಕೆಂಡು.
– ಮೈಸೂರಿನ ಓದುಗರು

ಉತ್ತರ: ಮೊದಲ ಅನುಮಾನ ವಿದ್ಯುತ್ ಉಳಿತಾಯದ ಮೇಲೆ. ಕಾರ್ಡು ನಡುನಡುವೆ ನಿದ್ರಿಸುತ್ತದೆ, ರೂಟರ್ ಅಲ್ಲಿಯವರೆಗೆ ಪ್ಯಾಕೆಟ್ ಹಿಡಿದಿಟ್ಟುಕೊಳ್ಳುತ್ತದೆ. ‘ಐಡಬ್ಲ್ಯು’ ಕಮಾಂಡಿಗೆ ‘ಸೆಟ್ ಪವರ್_ಸೇವ್ ಆಫ್’ ಕೊಟ್ಟು ಪಿಂಗ್ ನೋಡಿ. ಸರಿಹೋದರೆ ನೆಟ್‌ವರ್ಕ್‌ಮ್ಯಾನೇಜರ್‌ನ ಕಾನ್ಫ್.ಡಿ ಫೋಲ್ಡರಿನ ಫೈಲಿನಲ್ಲಿ ‘ವೈಫೈ.ಪವರ್‌ಸೇವ್’ 3 ಇರುವುದನ್ನು 2 ಮಾಡಿ. 2 ಎಂದರೆ ಆಫ್, 3 ಎಂದರೆ ಆನ್. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ.